ಭಾನುವಾರದ ದನಿ

ಸತ್ತವನೊಬ್ಬ ಬಾಗಿಲಲ್ಲಿ ನಿಂತು ಕುಡಿಯಲು ನೀರು ಕೇಳಿದಾಗ ಲೋಹಿತಾ ಜಗಲಿಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು.

ಸತ್ತವನು ಎಂದರೆ, ಆ ದಿನ ಬೆಳಿಗ್ಗೆ ಅವಳೇ ತನ್ನ ಬಾಯಾರೆ ಸಾಯಿಸಿದವನು.

ಲೋಹಿತಾ ಮಧುಗಿರಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದಳು. ವಾರವೆಲ್ಲ ಅದು ಅವಳ ಕೆಲಸ. ಭಾನುವಾರದ ಕೆಲಸ ಬೇರೆ. ಬೆಟ್ಟದ ಕೋಟೆಗೆ ಬಿಸಿಲು ಏರುವ ಹೊತ್ತಿಗೆ ಅವಳು ಫೋನನ್ನು ತುಟಿಯ ಹತ್ತಿರ ಹಿಡಿದು ‘ನಾಲ್ಕೂರು ಕಲಾವಾರ್ತೆ’ ಓದುತ್ತಿದ್ದಳು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನ ಕಲಾವಿದರ ವಾಟ್ಸಾಪ್ ಗುಂಪುಗಳಿಗೆಲ್ಲ ಅವಳ ದನಿ ಹೋಗುತ್ತಿತ್ತು. ಎಲ್ಲಿ ಶಿಬಿರ, ಯಾವ ಅಕಾಡೆಮಿ ಅರ್ಜಿ ಕರೆದಿದೆ, ಯಾವ ನಾಟಕದ ತಂಡಕ್ಕೆ ತಬಲಾದವರು ಬೇಕಾಗಿದ್ದಾರೆ, ಯಾರಿಗೆ ಸನ್ಮಾನ, ಯಾರು ತೀರಿಕೊಂಡರು. ಕೊರಟಗೆರೆಯ ಹಾರ್ಮೋನಿಯಂ ಮಾಸ್ತರರೊಬ್ಬರಿಗೆ ಕಲಾವಿದರ ಮಾಸಾಶನಕ್ಕೆ ಅರ್ಜಿ ಕರೆದ ಸುದ್ದಿ ಕೊನೆಯ ದಿನ ಕಳೆದ ಮೇಲೆ ತಿಳಿದಿತ್ತು. ಆ ಮುದುಕರ ಮುಖ ನೋಡಿದ ಮೇಲೆ ಲೋಹಿತಾ ಈ ಕೆಲಸ ಶುರುಮಾಡಿದ್ದಳು. ಈಗ ಟೀ ಅಂಗಡಿಗಳಲ್ಲಿ, ಕುರಿರೊಪ್ಪಗಳಲ್ಲಿ, ಹೊಲಿಗೆ ಮಿಷನ್ನಿನ ಪಕ್ಕದಲ್ಲಿ ಆ ದನಿಗೆ ಜನ ಕಾಯುತ್ತಿದ್ದರು.

ಆ ವಾರ ತೋವಿನಕೆರೆ ಕಡೆಯ ಮುಖವೀಣೆ ನುಡಿಸುವ ರಂಗರಾಜು ಎಂಬ ಹಿರಿಯರು ತೀರಿಕೊಂಡಿದ್ದರು. ಲೋಹಿತಾ ಅವಸರದಲ್ಲಿ ‘ಶಿರಾದ ಪರದೆ ಕಲಾವಿದ ರಂಗರಾಜು’ ಎಂದು ಓದಿಬಿಟ್ಟಿದ್ದಳು. ಅಷ್ಟೇ ಅಲ್ಲ, ನಾಟಕದ ಪರದೆಗಳನ್ನು ಈಗಲೂ ಕೈಯಲ್ಲೇ ಬರೆಯುತ್ತಿದ್ದ ಕೊನೆಯ ಕುಂಚ ಮಲಗಿತು ಎಂದು ದುಃಖದಿಂದ ಎರಡು ಮಾತು ಸೇರಿಸಿದ್ದಳು.

“ನಾನೇ ಮೇಡಂ, ರಂಗರಾಜು,” ಎಂದ ಬಾಗಿಲಲ್ಲಿದ್ದವನು. ಮೂವತ್ತರ ಆಸುಪಾಸಿನ ವಯಸ್ಸು. ಬೈಕಿನ ಧೂಳು ರೆಪ್ಪೆಯ ಮೇಲೆ ಕೂತಿತ್ತು. ಕಿವಿಯ ಹಿಂದೆ ನೀಲಿ ಬಣ್ಣದ ಒಂದು ಗೀರು. “ಬೆಳಿಗ್ಗೆ ತೀರ್ಕೊಂಡೆ ಅಂತ ಕೇಳ್ದೆ.”

ಮೊರ ಅವಳ ಮಡಿಲಿನಿಂದ ಜಾರಿ ಅಕ್ಕಿಯೆಲ್ಲ ಜಗಲಿಯ ಮೇಲೆ ಚೆಲ್ಲಿತು. ಅವಳು ಕ್ಷಮೆ ಕೇಳಲು ಬಾಯಿ ತೆರೆದರೆ ಅವನು ಬೇಡವೆಂದು ಕೈ ಅಡ್ಡ ಮಾಡಿದ.

“ಬಾಳ ಚೆನ್ನಾಗಿ ಹೊಗಳಿದ್ರಿ. ಬದುಕಿದ್ದಾಗ ಯಾರೂ ಇಷ್ಟು ಹೇಳಿರ್ಲಿಲ್ಲ. ಆದ್ರೆ ನಮ್ಮವ್ವ ಅಳೋದ್ನ ನಿಲ್ಸ್ತಾ ಇಲ್ಲ. ನಾನು ಎದುರ್ಗೇ ನಿಂತಿದ್ರೂ ಅಳ್ತಾವಳೆ. ಆ ದನಿಯೋಳೇ ಬಂದು ಸುಳ್ಳು ಅಂತ ಹೇಳ್ಬೇಕಂತೆ.”

ಅವನ ತುಟಿ ಬಿಗಿಯಾಗಿತ್ತು, ಕಣ್ಣು ಮಾತ್ರ ನಗುತ್ತಿತ್ತು. ಅದನ್ನು ನೋಡಿ ಲೋಹಿತಾಗೆ ನಗು ಬಂತು. ಸಾವಿನ ವಿಷಯದಲ್ಲಿ ನಕ್ಕೆನಲ್ಲ ಎಂದು ಮರುಕ್ಷಣವೇ ನಾಚಿಕೆಯಾಯಿತು.

ಒಳಗಿನಿಂದ ಬಂದ ಅವಳ ತಂದೆ ನಾಗಲಿಂಗಯ್ಯ ವಿಷಯ ಕೇಳಿ ತಲೆ ಚಚ್ಚಿಕೊಂಡರು. ಪೇಟೆಯಲ್ಲಿ ವಿಭೂತಿ, ಕರ್ಪೂರದ ಅಂಗಡಿ ಇಟ್ಟವರು. ಮಾತಿಗೆ ತೂಕ ಇರಬೇಕು ಎನ್ನುವವರು. ಆ ತಾಯಿಯ ಹೊಟ್ಟೆ ಉರಿಸಿದ್ದೀಯ, ಈಗಲೇ ಹೋಗಿ ಸಮಾಧಾನ ಮಾಡಿ ಬಾ ಎಂದು ಮಗಳನ್ನು ಹೊರಡಿಸಿದರು.

ಅಪರಿಚಿತನ ಬೈಕು ಹತ್ತುವುದು ಸರಿಯಲ್ಲವೆಂದು ಲೋಹಿತಾ ಶಿರಾ ಬಸ್ಸು ಹತ್ತಿದಳು. ಅವನು ಬಸ್ಸಿನ ಜೊತೆಗೇ ಬೈಕು ಓಡಿಸಿಕೊಂಡು ಬಂದ. ಒಮ್ಮೆ ಮುಂದೆ ಹೋಗುವನು, ಒಮ್ಮೆ ಹಿಂದೆ ಉಳಿಯುವನು. ಅವಳು ಕಿಟಕಿಯಿಂದ ಕಡಲೆಕಾಯಿ ಹೊಲಗಳನ್ನು ನೋಡುತ್ತಿರುವವಳಂತೆ ಕೂತಿದ್ದಳು. ಬೈಕು ಕಾಣದೆ ಹೋದಾಗ ಕತ್ತು ತಾನಾಗಿ ಹಿಂದಕ್ಕೆ ತಿರುಗುತ್ತಿತ್ತು. ಒಂದು ಸಲ ಹಾಗೆ ತಿರುಗಿದಾಗ ಅವನು ಕಿಟಕಿಯ ಪಕ್ಕದಲ್ಲೇ ಇದ್ದ, ಅವಳು ಎತ್ತ ನೋಡುತ್ತಿದ್ದಾಳೆಂದು ತಿಳಿದವನ ಹಾಗೆ.

ಶಿರಾದಿಂದ ಆಚೆ, ಹಟ್ಟಿಯಲ್ಲಿ ಅವನ ಮನೆ. ತಾಯಿ ಪುಟ್ಟಕ್ಕ ಕುರಿ ಮೇಯಿಸುವ ಹೆಂಗಸು. ಬಿಸಿಲಿಗೆ ಒಣಗಿದ ಗಟ್ಟಿ ಜೀವ. ಲೋಹಿತಾ ಅವಳ ಎದುರು ಕೂತು, ಅವ್ವ, ನಾನು ಹೇಳಿದ್ದು ತಪ್ಪು, ನಿಮ್ಮ ಮಗ ನೂರು ವರ್ಷ ಬಾಳುತ್ತಾನೆ ಎಂದಾಗ ಪುಟ್ಟಕ್ಕ ಕಣ್ಣು ಮುಚ್ಚಿಕೊಂಡು ಕೇಳಿದಳು. ಆಮೇಲೆ ಅವಳ ಗಲ್ಲ ಹಿಡಿದು, “ಇದೇ ದನಿ ಕಣ್ಲಾ,” ಎಂದು ಮಗನಿಗೆ ಹೇಳಿದಳು. ಆಗ ಹೋಗಿ ಮುಖ ತೊಳೆದು ಬಂದಳು.

ಊಟದ ಹೊತ್ತಾಗಿತ್ತು. ಪುಟ್ಟಕ್ಕ ಬಾಗಿಲಿಗೆ ಆತುಕೊಂಡು ಸ್ವಲ್ಪ ಅನುಮಾನಿಸಿದಳು. “ಹುರುಳಿ ಸಾರು ಐತೆ. ಲಿಂಗ ಕಟ್ಟೋರು ನೀವು, ನಮ್ಮನೇಲಿ ಉಣ್ತೀರೇನವ್ವ?”

ಲೋಹಿತಾ ಕೈ ತೊಳೆದುಕೊಂಡು ತಟ್ಟೆಯ ಮುಂದೆ ಕೂತಳು. ಅವಳು ಮುದ್ದೆ ಮುರಿಯುವುದನ್ನೇ ರಂಗರಾಜು ನೋಡುತ್ತಿದ್ದ. ಅವಳು ತಲೆಯೆತ್ತಿದಾಗ ಅವನು ಸಾರಿನ ಸೌಟು ಹುಡುಕತೊಡಗಿದ. ಸೌಟು ಅವನ ಕೈಯಲ್ಲೇ ಇತ್ತು.

ಊಟವಾದ ಮೇಲೆ ಅವನು ತನ್ನ ತಗಡಿನ ಶೆಡ್ಡು ತೋರಿಸಿದ. ಗೋಡೆಯಿಂದ ಗೋಡೆಗೆ ಪರದೆಗಳು: ದರ್ಬಾರು, ಬೀದಿ, ನದಿ, ಕಾಡು. ಕಾಡಿನ ಪರದೆಯ ಮುಂದೆ ಅವಳು ನಿಂತುಬಿಟ್ಟಳು. ನಾಟಕದ ಪರದೆಗಳಲ್ಲಿ ಸಾಮಾನ್ಯವಾಗಿ ಕಾಣುವ ಹಸಿರು ಬಳ್ಳಿ, ಜಲಪಾತ, ನವಿಲು ಅಲ್ಲಿರಲಿಲ್ಲ. ಕಾರೆ ಮುಳ್ಳು, ಜಾಲಿ, ಬಂದರೆ ಎಂಬ ಕುರುಚಲು ಗಿಡ, ನಡುವೆ ಕೆಂಪು ಬಂಡೆ, ಬಂಡೆಯ ಮೇಲೆ ಸಂಜೆ. ಸೀತೆಯನ್ನು ಈ ಕಾಡಿಗೆ ಕಳಿಸುತ್ತೀರಾ ಎಂದು ಅವಳು ಕೇಳಿದಳು.

“ನಾನು ನೋಡಿರೋ ಕಾಡು ಇದೇ ಮೇಡಂ. ಅವ್ವನ ಕುರಿ ಹಿಂದೆ ಹೋಗಿ ನೋಡಿದ್ದು. ಇನ್ಯಾವ್ದೋ ಕಾಡು ಬರದ್ರೆ ಕೈ ಸುಳ್ಳು ಹೇಳ್ದಂಗಾಯ್ತದೆ.”

ಈಗ ನಾಟಕ ಕಂಪನಿಯವರು ಪರದೆಯನ್ನೇ ಫ್ಲೆಕ್ಸಿನಲ್ಲಿ ಪ್ರಿಂಟು ಹಾಕಿಸುತ್ತಾರೆ, ಇವನ್ನು ಕೇಳುವವರು ಕಡಿಮೆ ಎಂದೂ ಹೇಳಿದ. ದೂರಿನ ದನಿಯಲ್ಲಿ ಹೇಳಲಿಲ್ಲ. ಹಾಗೆ ಹೇಳದೆ ಇದ್ದದ್ದೇ ಅವಳಿಗೆ ಹೆಚ್ಚು ನಾಟಿತು.

ಬಸ್ಸು ಹತ್ತಿಸುವಾಗ ಅವನು ಒಂದು ಒಪ್ಪಂದ ಮುಂದಿಟ್ಟ. ಪರದೆ ಕಟ್ಟಲು ತಾನು ನಾಲ್ಕೂ ತಾಲ್ಲೂಕು ಸುತ್ತುತ್ತೇನೆ, ಯಾರು ಇದ್ದಾರೆ, ಯಾರು ಹೋದರು ಎನ್ನುವುದು ತನಗೆ ತಿಳಿಯುತ್ತದೆ. ಇನ್ನು ಮೇಲೆ ಯಾರನ್ನಾದರೂ ಸಾಯಿಸುವ ಮುಂಚೆ ತನ್ನನ್ನೊಮ್ಮೆ ಕೇಳಿ ಎಂದ.

ಹೀಗೆ ಶನಿವಾರ ಸಂಜೆಯ ಫೋನು ಶುರುವಾಯಿತು.

ಮೊದಮೊದಲು ಸುದ್ದಿ ಮಾತ್ರ. ಕಳ್ಳಂಬೆಳ್ಳದಲ್ಲಿ ಡೊಳ್ಳಿನ ಹೊಸ ತಂಡ, ಕೊರಟಗೆರೆಯಲ್ಲಿ ಮೂಡಲಪಾಯ ಯಕ್ಷಗಾನದ ತರಬೇತಿ, ಮಧುಗಿರಿಯ ಹೆಣ್ಣುಮಕ್ಕಳೇ ಸೇರಿ ಆಡುವ ನಾಟಕಕ್ಕೆ ಭೀಮನ ಪಾತ್ರಧಾರಿ ಬೇಕು. ಆಮೇಲೆ ಸುದ್ದಿ ಮುಗಿದ ಮೇಲೂ ಫೋನು ಮುಗಿಯುತ್ತಿರಲಿಲ್ಲ. ಇವತ್ತು ಯಾವ ಬಣ್ಣ ಅರೆದಿರಿ ಎಂದು ಅವಳು ಕೇಳುವಳು. ಇವತ್ತು ಮಕ್ಕಳಿಗೆ ಯಾವ ಪದ್ಯ ಹೇಳಿಕೊಟ್ಟಿರಿ ಎಂದು ಅವನು ಕೇಳುವನು. ‘ಮೇಡಂ’ ಹೋಗಿ ‘ಲೋಹಿತಾ ಅವರೇ’ ಆಯಿತು. ಶುಕ್ರವಾರದಿಂದಲೇ ಶನಿವಾರದ ಸಂಜೆ ಅವಳ ಎದೆಯಲ್ಲಿ ಸಣ್ಣಗೆ ಮಿಡಿಯತೊಡಗುತ್ತಿತ್ತು.

ಒಮ್ಮೆ ವೈ.ಎನ್.ಹೊಸಕೋಟೆಗೆ ಇಬ್ಬರೂ ಹೋಗಬೇಕಾಯಿತು. ಅಲ್ಲಿನ ತೊಗಲುಗೊಂಬೆಯ ಹಿರಿಯ ದೊಡ್ಡಹನುಮಯ್ಯ ಬೊಂಬೆ ಮಾಡುವುದನ್ನು ಹೇಳಿಕೊಡಲು ಒಪ್ಪಿದ್ದರು. ಅವರ ಮಾತನ್ನು ಲೋಹಿತಾ ಧ್ವನಿಮುದ್ರಣ ಮಾಡಿಕೊಳ್ಳಬೇಕಿತ್ತು. ಈ ಸಲ ಅವಳು ಬಸ್ಸಿನ ಮಾತೆತ್ತಲಿಲ್ಲ. ಬೈಕಿನ ಹಿಂದೆ ಒಂದು ಬದಿಗೆ ಕೂತು, ನಡುವೆ ತನ್ನ ಬ್ಯಾಗು ಇಟ್ಟುಕೊಂಡಳು. ಪಾವಗಡ ದಾಟುವ ಹೊತ್ತಿಗೆ ಬ್ಯಾಗು ಹೇಗೋ ಮಡಿಲಿಗೆ ಬಂದಿತ್ತು.

ದೊಡ್ಡಹನುಮಯ್ಯ ಮಾತೆಲ್ಲ ಮುಗಿಸಿ, ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ತೆಲುಗಿನಲ್ಲಿ “ಇದ್ದರು ಚಾಲಾ ಬಾಗುನ್ನಾರು, ಪೆಳ್ಳೆಪ್ಪುಡು?” ಎಂದರು.

ಹೊರಗೆ ಬಂದ ಮೇಲೆ, ಅವರು ಕೊನೆಯಲ್ಲಿ ಏನೆಂದರು ಎಂದು ಲೋಹಿತಾ ಕೇಳಿದಳು.

ರಂಗರಾಜು ಬೈಕಿನ ಕನ್ನಡಿ ಒರೆಸುತ್ತ, “ಮಳೆ ಬರೋ ಹಂಗೈತೆ, ಬಿರ್ರನೆ ಹೊರಡಿ ಅಂದ್ರು,” ಎಂದ.

ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಲೋಹಿತಾಳ ಅಜ್ಜಿಯ ತವರು ಮಡಕಶಿರಾ. ಅವಳಿಗೆ ತೆಲುಗು ಚೆನ್ನಾಗಿಯೇ ಬರುತ್ತಿತ್ತು. ಇಬ್ಬರೂ ಚೆನ್ನಾಗಿದ್ದೀರಿ, ಮದುವೆ ಯಾವಾಗ ಎಂದಿದ್ದರು ಮುದುಕರು. ಅವಳು ಕನ್ನಡಿಯಲ್ಲಿ ಅವನ ಕೆಂಪಾದ ಕಿವಿಯನ್ನೇ ನೋಡಿ, “ಹೌದಾ? ಹಂಗಾದ್ರೆ ನಿಧಾನಕ್ಕೇ ಹೋಗೋಣ. ನೆನೆದ್ರೆ ನೆನೀತೀವಿ,” ಎಂದಳು.

ಅವನು ಬೈಕು ಸ್ಟಾರ್ಟ್ ಮಾಡುವುದನ್ನೇ ಮರೆತು ನಿಂತಿದ್ದ.

ಇದಾದ ಕೆಲವು ವಾರಗಳಿಗೆ ಒಂದು ಹೊಸ ಸುದ್ದಿ ಬಂತು. ಪುಣೆಯ ಹತ್ತಿರದ ಒಂದು ರಂಗಕೇಂದ್ರದಿಂದ ಲೋಹಿತಾಳಿಗೆ ಮೇಲ್ ಬಂದಿತ್ತು. ಕೈಯಲ್ಲಿ ಪರದೆ ಬರೆಯುವ ಕಲಾವಿದರಿಗೆ ಒಂದು ವರ್ಷದ ಫೆಲೋಶಿಪ್. ಹಳೆಯ ಕಂಪನಿಗಳ ಪರದೆಗಳನ್ನು ದುರಸ್ತಿ ಮಾಡುವುದು, ಬಣ್ಣ ಬಾಳುವ ಬಗೆ ಕಲಿಯುವುದು, ಕೊನೆಯಲ್ಲಿ ತಮ್ಮದೇ ಪರದೆಗಳ ಪ್ರದರ್ಶನ. ಇಂಥ ಬಾಗಿಲು ಮತ್ತೆ ಮತ್ತೆ ತೆರೆಯುವುದಿಲ್ಲ. ಅದನ್ನು ಓದುತ್ತಿದ್ದ ಹಾಗೆ ಅವಳ ಕಣ್ಣ ಮುಂದೆ ಜಾಲಿ ಮುಳ್ಳಿನ ಆ ಕಾಡು ಬಂದು ನಿಂತಿತು. ನಾಲ್ಕು ತಾಲ್ಲೂಕಿನಲ್ಲಿ ಇದು ಯಾರ ಸುದ್ದಿ ಎಂದು ಅವಳಿಗೆ ಗೊತ್ತಿತ್ತು. ಭಾನುವಾರ ಎಲ್ಲ ಸುದ್ದಿಯ ಹಾಗೆ ಅದನ್ನೂ ಓದಿದಳು. ಒಂದು ವರ್ಷ ಎನ್ನುವಲ್ಲಿ ಗಂಟಲು ಒಂದಿಷ್ಟು ತಡೆಯಿತು. ಅದನ್ನು ತೆಗೆದು ಮತ್ತೆ ಓದಬಹುದಿತ್ತು, ಹಾಗೇ ಕಳಿಸಿದಳು.

ಮುಂದಿನ ಶನಿವಾರ ಫೋನು ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ಅವನು ಕೊರಟಗೆರೆಯ ಒಂದು ಶಾಲೆಯ ರಂಗಮಂದಿರದಲ್ಲಿ ಪರದೆ ಕಟ್ಟುತ್ತಿದ್ದಾನೆಂದು ತಿಳಿದು, ಶಾಲೆ ಬಿಟ್ಟ ಕೂಡಲೇ ಲೋಹಿತಾ ಅಲ್ಲಿಗೆ ಹೋದಳು.

ಅವನು ಏಣಿಯ ಮೇಲಿದ್ದ. ಕಟ್ಟುತ್ತಿದ್ದದ್ದು ಬೀದಿಯ ಪರದೆ. ಸಾಲು ಮನೆಗಳು, ಒಂದು ಮಹಡಿಯ ಕಿಟಕಿ. ಆ ಕಿಟಕಿಯಲ್ಲಿ ಹೆಬ್ಬೆರಳಿನಷ್ಟು ಚಿಕ್ಕ ಒಬ್ಬ ಹುಡುಗಿ, ಫೋನನ್ನು ತುಟಿಯ ಹತ್ತಿರ ಹಿಡಿದವಳು. ಲೋಹಿತಾಳ ಕಾಲು ಅಲ್ಲೇ ನಿಂತಿತು. ಅವಳು ಏನು ನೋಡುತ್ತಿದ್ದಾಳೆಂದು ತಿಳಿದು ಅವನು ಏಣಿ ಇಳಿದು ಬಂದ.

“ಸುದ್ದಿ ಕೇಳಿಲ್ವಾ ನೀವು?” ಎಂದಳು.

“ಕೇಳ್ದೆ. ಒಂದು ವರ್ಷ ಅನ್ನೋ ಕಡೆ ಉಸಿರು ಕಟ್ತು ನಿಮಗೆ. ಬೇರೆ ಯಾವ ಸುದ್ದಿಗೂ ಯಾವತ್ತೂ ಹಂಗಾಗಿಲ್ಲ.”

“ಅರ್ಜಿ ಹಾಕಿದ್ರಾ?”

“ಇಲ್ಲ.”

“ಯಾಕೆ?”

ಅವನು ಕೈಯಲ್ಲಿದ್ದ ಹಗ್ಗವನ್ನು ಬೆರಳಿಗೆ ಸುತ್ತಿ ಬಿಚ್ಚಿದ. “ಇಲ್ಲಿ ಶನಿವಾರ ಐತೆ ಲೋಹಿತಾ ಅವರೇ. ಅಲ್ಲಿ ಇರಾಕಿಲ್ಲ.”

ಅವಳ ಎದೆಯೊಳಗೆ ಏನೋ ಹೂವಿನ ಹಾಗೆ ಬಿಚ್ಚಿಕೊಂಡಿತು, ಅದರ ಬೆನ್ನಿಗೇ ಸಿಟ್ಟೂ ಬಂತು. “ನನ್ನ ಕಾರಣಕ್ಕೆ ನೀವು ಇಲ್ಲೇ ನಿಂತ್ಬಿಟ್ರೆ, ಮುಂದಿನ ವಾರ ಯಾವ ಮುಖ ಇಟ್ಕೊಂಡು ಇನ್ನೊಬ್ರಿಗೆ ಹೋಗಿ ಅಂತ ಹೇಳ್ಲಿ? ನಾನು ಬಾಗಿಲು ತೆಗೆಯೋಳು. ಬಾಗಿಲಿಗೆ ಅಡ್ಡ ನಿಲ್ಲೋಳಾಗಲ್ಲ. ನೀವು ಹೋಗ್ಬೇಕು.”

ಅವನ ಮುಖದ ಬೆಳಕು ಆರಿತು. ಅವಳು ಅಂದದ್ದು ಒಂದು, ಅವನಿಗೆ ಕೇಳಿಸಿದ್ದು ಇನ್ನೊಂದು. “ತಿಪಟೂರಿನ ಗಂಡಿನ ಕಡೆಯೋರು ಬಂದು ನೋಡ್ಕಂಡು ಹೋದ್ರಂತೆ. ಪೇಟೆ ತುಂಬ ಮಾತದು. ಆಯ್ತು ಬುಡಿ. ಹೋಯ್ತೀನಿ.”

ಅವರು ಬಂದು ಹೋದದ್ದು ನಿಜ. ತಾನು ಆ ಸಂಜೆಯೇ ಒಲ್ಲೆ ಎಂದದ್ದೂ ನಿಜ. ಅದನ್ನು ಹೇಳುವಷ್ಟರಲ್ಲಿ ಶಾಲೆಯವರು ಅವನನ್ನು ಕರೆದರು. ಇಷ್ಟು ದಿನ ಬಲ್ಲವನು ಹೀಗೆ ನಂಬಿದನಲ್ಲ ಎಂಬ ಬಿಗುಮಾನ ಅವಳನ್ನೂ ಹಿಡಿಯಿತು. ಕಾಯದೆ ಬಸ್ಸು ಹತ್ತಿದಳು.

ಅವನು ಅರ್ಜಿ ಹಾಕಿದ, ಆಯ್ಕೆಯಾದ. ಆ ಸುದ್ದಿಯನ್ನೂ ಓದಬೇಕಾದವಳು ಅವಳೇ. ಶಿರಾದ ಪರದೆ ಕಲಾವಿದ ರಂಗರಾಜು ಅವರಿಗೆ ಅಭಿನಂದನೆಗಳು ಎಂದು ಓದಿದಳು. ನಾಲ್ಕೂ ಊರಿನಿಂದ ಹಾರೈಕೆಗಳು ಬಂದವು. ಅವನಿಂದ ಕೈಮುಗಿದ ಒಂದು ಇಮೋಜಿ ಬಂತು, ಅಷ್ಟೇ. ಆ ಎರಡು ಹಳದಿ ಕೈಗಳನ್ನು ಅವಳು ಬಹಳ ಹೊತ್ತು ನೋಡುತ್ತ ಕೂತಳು.

ಮರುದಿನ ಸಂಜೆ ಅವಳು ತಂದೆಯ ಅಂಗಡಿಗೆ ಹೋದಳು. ನಾಗಲಿಂಗಯ್ಯ ವಿಭೂತಿ ಗಟ್ಟಿಗಳನ್ನು ಸಾಲಾಗಿ ಜೋಡಿಸುತ್ತಿದ್ದರು. ಲೋಹಿತಾ ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂತು, ಮದುವೆಯಾದರೆ ರಂಗರಾಜುವನ್ನೇ, ಅವನಿಗಿನ್ನೂ ಇದನ್ನು ಹೇಳಿಲ್ಲ, ನಿಮಗೆ ಮೊದಲು ಹೇಳುತ್ತಿದ್ದೇನೆ ಎಂದಳು.

ನಾಗಲಿಂಗಯ್ಯ ಕೈ ನಿಲ್ಲಿಸಲಿಲ್ಲ. ಜೋಡಿಸಿದ್ದನ್ನು ಕೆಡಿಸಿ ಮತ್ತೆ ಜೋಡಿಸಿದರು. ಜನ ಏನೆನ್ನುತ್ತಾರೆ ಗೊತ್ತೇ ಎಂದು ಕೇಳಿದರು. ಗೊತ್ತು ಎಂದಳು. ಮಠದಲ್ಲಿ, ನೆಂಟರಲ್ಲಿ, ಪೇಟೆಯಲ್ಲಿ ಒಂದೊಂದು ಮಾತಿಗೂ ತಾವು ಉತ್ತರ ಕೊಡಬೇಕು ಎಂದರು. ಅದೂ ಗೊತ್ತು, ಅದಕ್ಕೇ ನಿಮ್ಮ ಹತ್ತಿರ ಬಂದೆ, ನಿಮಗೆ ಬೆನ್ನು ಹಾಕಿ ಹೋಗುವ ಆಸೆ ನನಗಿಲ್ಲ ಎಂದಳು. ಕರ್ಪೂರ ಕೇಳಿ ಯಾರೋ ಬಂದು ಹೋದರು. ಅವರು ಹೋದ ಮೇಲೆ ನಾಗಲಿಂಗಯ್ಯ ಮಗಳ ಕಡೆ ತಿರುಗಿದರು.

“ಅವತ್ತು ತಾಯಿ ಅಳ್ತಾಳೆ ಅಂತ ಅಷ್ಟು ದೂರದಿಂದ ಬಂದ. ಬಂದೋನು ಒಂದು ಬಿರುಸು ಮಾತಾಡ್ಲಿಲ್ಲ. ಅದನ್ನ ನಾನೂ ನೋಡಿದೀನಿ.” ಉಸಿರು ಬಿಟ್ಟು ಮುಂದುವರಿಸಿದರು. “ವರ್ಷ ಹೋಗಿ ಬರಲಿ. ಬಂದ್ಮೇಲೆ ಅವನೇ ಈ ಅಂಗಡಿಗೆ ಬಂದು ಕೇಳಲಿ. ಅಲ್ಲೀ ತನಕ ನಮ್ಮನೆಗೆ ಬೇರೆ ಯಾವ ಗಂಡೂ ಬರಲ್ಲ. ನಿಮ್ಮಮ್ಮಂಗೆ ಮಾತ್ರ ನೀನೇ ಹೇಳು. ನನ್ನ ಕೈಲಾಗಲ್ಲ.”

ತಾಯಿ ಜಗದಾಂಬ ಅತ್ತಳು. ಊಟ ಬಿಟ್ಟಳು, ಮಾತು ಬಿಟ್ಟಳು, ಮಗಳ ಜಡೆ ಹಾಕುವುದನ್ನು ಬಿಟ್ಟಳು. ಲೋಹಿತಾ ಎದುರು ಮಾತಾಡದೆ ಪಾತ್ರೆ ತೊಳೆದಳು, ಹೂವು ಕಟ್ಟಿದಳು, ಕಾದಳು. ರಂಗರಾಜು ಹೊರಡುವ ಹಿಂದಿನ ದಿನ ಜಗದಾಂಬ ಒಲೆಯ ಮುಂದೆ ಕೂತು ಕಡಲೆಕಾಯಿ ಬೀಜ ಹುರಿಯುತ್ತಿದ್ದಳು. ಮಗಳ ಕಡೆ ನೋಡದೆಯೇ ಮಾತಾಡಿದಳು.

“ಆ ಪುಣೆ ಕಡೆ ಮುದ್ದೆ ಸಿಗಲ್ವಂತೆ. ಚಟ್ನಿಪುಡಿ ಕುಟ್ತೀನಿ. ಕೊಡೋದಾದ್ರೆ ಕೊಡು.”

ಲೋಹಿತಾ ಹಿಂದಿನಿಂದ ಹೋಗಿ ಅವಳ ಹೆಗಲಿಗೆ ಮುಖ ಒತ್ತಿದಳು. ಜಗದಾಂಬ, ಬೀಜ ಸೀಯುತ್ತದೆ ಬಿಡು ಎಂದು ಗದರಿದಳು, ಆದರೆ ಹೆಗಲನ್ನು ಸರಿಸಲಿಲ್ಲ.

ಬೆಳಿಗ್ಗೆ ಶಿರಾದ ಹೈವೇಯಲ್ಲಿ ಹುಬ್ಬಳ್ಳಿ ಬಸ್ಸಿಗೆ ರಂಗರಾಜು ಕಾಯುತ್ತಿದ್ದ. ಅಲ್ಲಿಂದ ಮುಂದೆ ಪುಣೆಗೆ ಬೇರೆ ಬಸ್ಸು. ಪುಟ್ಟಕ್ಕ ಜೊತೆಗಿದ್ದಳು. ಲೋಹಿತಾ ಆಟೋದಿಂದ ಇಳಿಯುವುದನ್ನು ಮೊದಲು ಕಂಡವಳು ಅವಳೇ. ಅವನು ಕಂಡಾಗ, ಕೈಯಲ್ಲಿದ್ದ ಬ್ಯಾಗನ್ನು ಕೆಳಗಿಟ್ಟ, ಮತ್ತೆ ಎತ್ತಿಕೊಂಡ. ಏನು ಹೇಳಬೇಕೋ ತಿಳಿಯದೆ, ಚೆನ್ನಾಗಿದ್ದೀರಾ ಎಂದ.

ಅವಳು ಉತ್ತರಿಸುವ ಮೊದಲೇ ಬಸ್ಸು ಬಂತು. ಅವನು ತಾಯಿಯ ಕಾಲು ಮುಟ್ಟಿ ಹತ್ತಿದ. ಬಾಗಿಲು ಮುಚ್ಚುವ ಮುಂಚೆ ಲೋಹಿತಾಳೂ ಹತ್ತಿದಳು. ಹಿಂದಿನಿಂದ ಪುಟ್ಟಕ್ಕ, “ಹೋಗಿ ಬಾರವ್ವ,” ಎಂದಷ್ಟೇ ಕೂಗಿದಳು.

ಕಂಡಕ್ಟರು ಬಂದಾಗ ಅವಳು ಹಿರಿಯೂರಿಗೆ ಒಂದು ಎಂದಳು. ರಂಗರಾಜು ಬೆರಗಾಗಿ ಅವಳನ್ನೇ ನೋಡಿದ.

“ನಾನು ಹೇಳೋದನ್ನ ಪೂರ್ತಿ ಕೇಳಿ, ಆಮೇಲೆ ಮುಖ ತಿರುಗಿಸ್ಕೊಳ್ಳಿ,” ಎಂದಳು. ತಿಪಟೂರಿನವರಿಗೆ ತಾನು ಒಲ್ಲೆ ಎಂದದ್ದನ್ನು ಹೇಳಿದಳು. ತಂದೆಯ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು ಆಡಿದ ಮಾತನ್ನು ಹೇಳಿದಳು. ವರ್ಷ ಕಳೆದ ಮೇಲೆ ಬಂದು ಕೇಳಲಿ ಎಂದ ತಂದೆಯ ಮಾತನ್ನೂ, ಚಟ್ನಿಪುಡಿಯ ಡಬ್ಬಿಯನ್ನೂ ಅವನ ಕೈಗೆ ಒಪ್ಪಿಸಿದಳು. “ಭಾನುವಾರದ ಸುದ್ದಿ ಎಲ್ರಿಗೂ ಹೇಳ್ತೀನಿ. ಇದು ಒಬ್ರಿಗೆ ಮಾತ್ರ ಹೇಳೋದು. ಅದಕ್ಕೆ ಬಸ್ಸು ಹತ್ತಿದೆ.”

ಅವನು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಅದರ ಮುಚ್ಚಳವನ್ನು ಸವರುತ್ತ ಕೂತ. ಉಗುರಿನ ಸಂದಿಯಲ್ಲಿ ಇನ್ನೂ ಬಣ್ಣವಿತ್ತು. ಅವನ ಕಣ್ಣು ತುಂಬಿದ್ದನ್ನು ಕಂಡು ಅವಳು ಕಿಟಕಿಯ ಕಡೆ ತಿರುಗಿ ಅವನಿಗೆ ಸಮಯ ಕೊಟ್ಟಳು.

“ಅವತ್ತು ಹೊಸಕೋಟೇಲಿ ಅಜ್ಜ ಮಳೆ ಬರುತ್ತೆ ಅಂದಿರ್ಲಿಲ್ಲ,” ಎಂದ ಕೊನೆಗೆ.

“ಗೊತ್ತು.”

“ಗೊತ್ತಾ?”

“ಅವತ್ತೇ ಗೊತ್ತು.”

ಅವನು ನಕ್ಕ. ಇಷ್ಟು ತಿಂಗಳಲ್ಲಿ ಅವನು ಹೀಗೆ ಬಾಯಿ ತುಂಬ ನಕ್ಕದ್ದನ್ನು ಅವಳು ಕಂಡಿರಲಿಲ್ಲ. “ನಾನು ನಿಮ್ಮನ್ನ ಬಿಟ್ಟು ಹೋಯ್ತಾ ಇದೀನಿ ಅನ್ಕಂಡಿದ್ದೆ, ಲೋಹಿ. ಹೋಯ್ತಿರೋದೇ ನಿನ್ನ ಹತ್ರ ಬರಾಕೆ ಅಂತ ಈಗ ಗೊತ್ತಾಯ್ತು.” ತನ್ನ ಬಾಯಿಂದ ‘ನಿನ್ನ’ ಬಂದದ್ದು ಅವನಿಗೇ ಆಮೇಲೆ ತಿಳಿದು ಕಿವಿ ಕೆಂಪಾಯಿತು. ಅವಳು ಅದನ್ನು ತಿದ್ದಲಿಲ್ಲ. ಸೀಟಿನ ಮೇಲಿದ್ದ ಅವನ ಅಂಗೈಯೊಳಕ್ಕೆ ತನ್ನ ಕೈಯನ್ನು ಮೆಲ್ಲಗೆ ಸೇರಿಸಿದಳು.

ಆಮೇಲೆ ಮಾತು ಹೆಚ್ಚು ಇರಲಿಲ್ಲ. ಅಲ್ಲಿ ಹೋಗಿ ಮೊದಲು ಏನು ಬರೆಯುತ್ತೀಯ ಎಂದು ಅವಳು ಕೇಳಿದಳು. ಇನ್ನೂ ಯೋಚಿಸಿಲ್ಲ, ಮೊದಲು ಅವರ ಹಳೆಯ ಪರದೆಗಳನ್ನು ನೋಡಬೇಕು, ಕಲಿಯುವುದು ಬಹಳ ಇದೆ ಎಂದ. ಅವನ ದನಿಯಲ್ಲಿ ಹೋಗುವ ಉತ್ಸಾಹ ಮೊದಲ ಬಾರಿಗೆ ಕೇಳಿಸಿತು. ಅವಳಿಗೆ ಬೇಕಾಗಿದ್ದದ್ದು ಅದೇ.

ಹಿರಿಯೂರು ಬಂತು. ಬಸ್ಸು ನಿಂತಿತು. ಜನ ಇಳಿದರು, ಜನ ಹತ್ತಿದರು. ರಂಗರಾಜು ಅವಳ ಕೈ ಬಿಡಲಾರದೆ ಬಿಟ್ಟ, ದಾರಿ ಕೊಡಲು ಕಾಲು ಸರಿಸಿದ. ಲೋಹಿತಾ ಏಳಲಿಲ್ಲ. ಸೆರಗು ಸರಿಮಾಡಿಕೊಂಡು ಸೀಟಿಗೆ ಇನ್ನಷ್ಟು ಒರಗಿ ಕೂತಳು.

ಕಂಡಕ್ಟರು ಪಕ್ಕದಲ್ಲಿ ನಿಂತು, ನಿಮ್ಮ ಟಿಕೆಟ್ಟು ಇಲ್ಲೀ ತನಕವಲ್ಲವೇನಮ್ಮ ಎಂದು ಕೇಳಿದ.

“ಹೌದಣ್ಣ,” ಎಂದಳು ಲೋಹಿತಾ. “ಚಿತ್ರದುರ್ಗಕ್ಕೆ ಒಂದು ಕೊಡಿ.”